ಅಂಗೈಯಲ್ಲಿ ಉಪ್ಪು ನೋಡುವವಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಬಸ್ಸಿನಲ್ಲಿ ಟಿಕೆಟ್ ಕೊಡುವವಳಿಗೆ ಅದು ಇನ್ನೆಲ್ಲಿ ಇರಬೇಕು? ಆದರೂ ಆ ಸಂಜೆ ಆ ಹೋಟೆಲಿನಲ್ಲಿ ನಾನು ಅರ್ಧ ಊಟ ಮುಗಿಯುವವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ತಮ್ಮನಿಗೆ ಮಾತು ಕೊಟ್ಟಿದ್ದೆನಲ್ಲ.

ತಮ್ಮ ಬಣ್ಣದ ಕಂಪನಿಯೊಂದರಲ್ಲಿ ಮಾರಾಟದ ಕೆಲಸದಲ್ಲಿದ್ದಾನೆ. ಅವನ ದೊಡ್ಡ ಸಾಹೇಬರು ಹೆಂಡತಿಯೊಂದಿಗೆ ಊಟಕ್ಕೆ ಬರುತ್ತೇನೆಂದಿದ್ದರು. ತಮ್ಮನಿಗೆ ಇನ್ನೂ ಮದುವೆಯಾಗಿಲ್ಲ, ಸಾಹೇಬರ ಹೆಂಡತಿಯ ಜೊತೆ ಮಾತಾಡಲು ಮನೆಯ ಹೆಂಗಸೊಬ್ಬಳು ಬೇಕು ಎಂದು ನನ್ನನ್ನು ಕರೆದ. ಹೋಟೆಲು ಆರಿಸಿದವರು ಸಾಹೇಬರು. ಊರಲ್ಲಿ ಇಷ್ಟು ಹೋಟೆಲುಗಳಿದ್ದರೂ ಅವರ ಕಣ್ಣು ಬಿದ್ದದ್ದು ‘ನೇಪಾಳಿ ಮತ್ತು ಇಂಡಿಯನ್ ಕರಿ ಹೌಸ್’ ಮೇಲೆಯೇ. ಅಲ್ಲಿ ಒಲೆಯ ಮುಂದೆ ನಿಲ್ಲುವವಳು ನಮ್ಮ ಸೋದರತ್ತೆ, ಅಪ್ಪನ ತಂಗಿ.

‘ಅಕ್ಕಾ, ಅಲ್ಲಿ ಅತ್ತೆ ವಿಷಯ ಎತ್ಬೇಡ,’ ಎಂದ ತಮ್ಮ, ಬಸ್ ಡಿಪೋದ ಬಾಗಿಲಿಗೇ ಬಂದು. ‘ಪ್ರಮೋಷನ್ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ.’

‘ಅತ್ತೆಗೆ ಗೊತ್ತಾ ಇದು?’

‘ಅವ್ರೇ ಹೇಳಿದ್ದು. ಪರಿಚಯ ಗಿರಿಚಯ ಬೇಡ, ನನ್ನ ಸೀರೆ ಪೂರ್ತಿ ಒಗ್ಗರಣೆ ವಾಸನೆ ಅಂತ.’

ಅತ್ತೆ ಹಾಗೇ ಹೇಳಿರುತ್ತಾಳೆ, ನನಗೆ ಗೊತ್ತು. ಎದುರಿನವರಿಗೆ ಮುಜುಗರವಾಗಬಾರದೆಂದು ತಾನೇ ಪಕ್ಕಕ್ಕೆ ಸರಿದು ನಿಲ್ಲುವ ಜನ್ಮ ಅದು. ಆದರೆ ಅವಳು ಬೇಡ ಎಂದಳೆಂದು ಇವನು ಅಷ್ಟು ಬೇಗ ಸರಿ ಎನ್ನಬೇಕಿತ್ತೇ? ಅಮ್ಮ ತೀರಿಕೊಂಡಾಗ ಇವನಿಗೆ ಇನ್ನೂ ಹಾಲುಹಲ್ಲು. ನನಗಾದರೂ ನಾನೇ ಕಲಸಿ ತಿನ್ನುವ ವಯಸ್ಸಾಗಿತ್ತು, ಇವನು ಅತ್ತೆಯ ಕೈತುತ್ತಿಲ್ಲದೆ ಬಾಯಿ ತೆರೆಯುತ್ತಿರಲಿಲ್ಲ. ಒಂದೊಂದು ತುತ್ತಿಗೆ ಒಂದೊಂದು ಕತೆ ಕಟ್ಟಿ ಅವಳ ಗಂಟಲು ಕಟ್ಟುತ್ತಿತ್ತು.

ಆ ಹೋಟೆಲಿನಲ್ಲಿ ಅತ್ತೆ ಶುರುಮಾಡಿದ್ದು ಪಾತ್ರೆ ತೊಳೆಯುವುದರಿಂದ. ಬಿಸಿನೀರಿನ ತೊಟ್ಟಿಯಲ್ಲಿ ಕೈ ಅದ್ದಿ ಅದ್ದಿ ಬೆರಳ ಸಂದೆಲ್ಲ ಬಿರಿದು, ರಾತ್ರಿ ಕೊಬ್ಬರಿಎಣ್ಣೆ ಹಚ್ಚಿಕೊಂಡು ಕೂರುತ್ತಿದ್ದಳು. ಹಳೆಯ ಅಡುಗೆಯವನು ಬಿಟ್ಟುಹೋದಾಗ ಒಂದು ದಿನದ ಮಟ್ಟಿಗೆಂದು ಸೌಟು ಹಿಡಿದವಳು ಅಲ್ಲೇ ನಿಂತಳು. ನನ್ನ ಜನ್ಮದಲ್ಲಿ ಅತ್ತೆ ಜಂಬ ಪಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ವಿಷಯಕ್ಕೆ. ‘ಈಗ ನಾನು ಒಲೆ ಕಡೆಯವಳು ಕಣೆ,’ ಎನ್ನುತ್ತಿದ್ದಳು.

ಹೋಟೆಲಿನ ಗೋಡೆಗೆ ಹಿಮದ ಬೆಟ್ಟದ ಚಿತ್ರ, ಅದರ ಹಿಂದೆ ಮಿಣುಕು ಬಲ್ಬು. ಪ್ಲಾಸ್ಟಿಕ್ ಹಾಳೆ ಹೊದೆಸಿದ ಮೆನುವಿನ ಮೂಲೆಗಳಲ್ಲಿ ಅರಿಶಿನದ ಬೆರಳಚ್ಚು. ಒಂದೊಂದು ಪದಾರ್ಥದ ಪಕ್ಕದಲ್ಲೂ ಖಾರಕ್ಕೆ ತಕ್ಕಂತೆ ಮೆಣಸಿನಕಾಯಿಯ ಚಿತ್ರ. ಊಟದ ಹಾಲಿಗೂ ಅಡುಗೆಮನೆಗೂ ನಡುವೆ ದೊಡ್ಡ ಗಾಜು. ನಮ್ಮಲ್ಲಿ ಎಲ್ಲ ಎಷ್ಟು ಸ್ವಚ್ಛ, ನೀವೇ ನೋಡಿ ಎಂದು ತೋರಿಸಲು ಮಾಲೀಕ ಹಾಕಿಸಿದ್ದು. ಆತ ನೇಪಾಳದವನು, ಮೆದು ಮಾತಿನ ಮನುಷ್ಯ, ಅತ್ತೆಯನ್ನು ಅಕ್ಕ ಎಂದೇ ಕರೆಯುವವನು.

ಸಾಹೇಬರು ಕೂತವರೇ ಪಾಠ ಶುರುಮಾಡಿದರು. ಕರಿ ಎಂದರೆ ಏನು, ಅದನ್ನು ಹೇಗೆ ತಿನ್ನಬೇಕು, ಮೋಮೋದ ಮಡಿಕೆ ಹೇಗಿರಬೇಕು. ಅವರ ಹೆಂಡತಿ ಇದನ್ನೆಲ್ಲ ಸಾವಿರ ಸಲ ಕೇಳಿದ್ದ ಮುಖ ಮಾಡಿಕೊಂಡು ನೀರು ಕುಡಿಯುತ್ತಿದ್ದರು. ತಮ್ಮ ಮಾತ್ರ ಪ್ರತಿ ವಾಕ್ಯಕ್ಕೂ ‘ಹೌದು ಸಾರ್’ ಎನ್ನುತ್ತಿದ್ದ. ತಲೆ ಆಡಿಸಿ ಆಡಿಸಿ ಕತ್ತು ಉಳುಕುತ್ತದೇನೋ ಎಂದು ನನಗೇ ಭಯವಾಯಿತು.

ಪದಾರ್ಥಗಳು ಬಂದವು. ಬೇಳೆಕರಿ ಬಾಯಿಗಿಟ್ಟ ಕೂಡಲೇ ನನಗೆ ಗೊತ್ತಾಯಿತು, ಈ ದಿನ ಅತ್ತೆ ಹೋಟೆಲಿಗೆಂದು ಅಡುಗೆ ಮಾಡಿಲ್ಲ, ಮನೆಮಕ್ಕಳಿಗೆಂದು ಮಾಡಿದ್ದಾಳೆ. ಸಾಹೇಬರು ಎರಡು ಸಲ ಹಾಕಿಸಿಕೊಂಡರು. ‘ವಾ, ಇದು ಕರಿ ಅಂದ್ರೆ,’ ಎಂದರು. ಗಾಜಿನಾಚೆ ಅತ್ತೆ ಒಮ್ಮೆ ಇತ್ತ ನೋಡಿ ತಕ್ಷಣ ಮುಖ ತಿರುಗಿಸಿಕೊಂಡಳು. ನಗು ಮುಚ್ಚಿಟ್ಟುಕೊಳ್ಳಲು ಅವಳಿಗೆ ಬರುವುದಿಲ್ಲ.

ಆಮೇಲೆ ಅವಳು ಮುಂದಿನ ಪಾತ್ರೆಯ ಉಪ್ಪು ನೋಡಿದಳು. ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು, ನಾಲಿಗೆಗೆ ತಾಗಿಸಿ, ಪಕ್ಕದ ನಲ್ಲಿಯಲ್ಲಿ ಕೈ ತೊಳೆದಳು. ಸೌಟು ಬಾಯಿಗೆ ತಾಗಿದರೆ ಪಾತ್ರೆಯೆಲ್ಲ ಎಂಜಲು. ಅದಕ್ಕೇ ಅಂಗೈ. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಬೇಕಾಗಿಲ್ಲ.

ಅವಳು ನೆಕ್ಕಿದ್ದನ್ನು ಸಾಹೇಬರು ನೋಡಿದರು. ತೊಳೆದದ್ದನ್ನು ನೋಡಲಿಲ್ಲ, ಅಷ್ಟರಲ್ಲಿ ಅವರ ಮುಖ ಮಾಲೀಕನತ್ತ ತಿರುಗಿಯಾಗಿತ್ತು.

‘ರೀ, ಬನ್ನಿ ಇಲ್ಲಿ. ನಿಮ್ಮ ಅಡುಗೆ ಹೆಂಗಸು ಕೈ ನೆಕ್ತಾ ಇದಾರಲ್ರೀ. ಎಂಥ ಗಲೀಜು ಇದು?’

ಹಾಲಿನಲ್ಲಿದ್ದವರೆಲ್ಲ ತಿರುಗಿದರು. ನಾನು ತಮ್ಮನನ್ನು ನೋಡಿದೆ. ಒಂದು ಮಾತು ಸಾಕಿತ್ತು: ಸಾರ್, ಅದು ಎಂಜಲಾಗಬಾರದು ಅಂತಾನೇ ಮಾಡೋದು. ನೆಂಟಸ್ತನ ಹೇಳಬೇಕಾಗಿಯೂ ಇರಲಿಲ್ಲ. ಅವನು ನಾನ್ ರೊಟ್ಟಿ ಹರಿಯುತ್ತಾ ಕೂತಿದ್ದ.

ಮಾಲೀಕ ಅತ್ತೆಯನ್ನು ಹೊರಗೆ ಕರೆದ. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಅವಳು ಬಂದು ನಿಂತಳು. ವಿಷಯ ಕೇಳಿ ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮಾಲೀಕನನ್ನು ಮೆಲ್ಲಗೆ ಕೇಳಿದಳು, ‘ನಿಮ್ಮನೇಲಿ ನಿಮ್ಮಮ್ಮ ಹೆಂಗೆ ನೋಡ್ತಿದ್ರು ಉಪ್ಪು?’

ಮಾಲೀಕ ಗೋಡೆಯ ಮೇಲಿನ ಬೆಟ್ಟ ನೋಡಿದ. ‘ಹಾಗೇನೇ ಅಕ್ಕಾ. ಆದ್ರೆ ಮನೆ ಬೇರೆ, ಹೋಟೆಲ್ ಬೇರೆ ಅಲ್ವಾ. ಗಿರಾಕಿಗಳ ಮನಸ್ಸಿಗೂ ಬೇಸರ ಆಗ್ಬಾರ್ದು, ನಿಮಗೂ...’ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದಷ್ಟು ಮಾತಾಡಿ, ಕೊನೆಗೆ ಸಾಹೇಬರ ಕಡೆ ತಿರುಗಿದ. ‘ನಾಳೆಯಿಂದ ಇವರನ್ನ ಪಾತ್ರೆ ತೊಳೆಯೋ ಕಡೆ ಹಾಕ್ತೀನಿ ಸಾರ್.’

ಸಾಹೇಬರು ಆಗಲಿ ಎಂಬಂತೆ ತಲೆಯಾಡಿಸಿದರು. ಆಡಿಸುತ್ತಲೇ ತಟ್ಟೆಯಲ್ಲಿದ್ದ ಬೇಳೆಕರಿಯನ್ನು ನಾನ್ ತುಂಡಿನಿಂದ ಒರೆಸಿ ಬಾಯಿಗಿಟ್ಟರು. ಗಲೀಜು ಎಂದ ಬಾಯಿಗೇ.

ನನಗೆ ಮೈಯೆಲ್ಲ ಉರಿದುಹೋಯಿತು. ಸಾಹೇಬರಿಗೆ ಗೊತ್ತಿಲ್ಲ, ಹೋಗಲಿ. ಗೊತ್ತಿಲ್ಲದವರಿಗೆ ಹೇಳಿಕೊಡಬಹುದು. ಮಾಲೀಕನಿಗೆ ಗೊತ್ತು. ಇವನಿಗೆ, ಆ ಅಂಗೈಯಿಂದಲೇ ಉಂಡು ಇಷ್ಟೆತ್ತರ ಬೆಳೆದವನಿಗೆ, ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಇಬ್ಬರೂ ಗೊತ್ತಿದ್ದೇ ಅವಳನ್ನು ಬಿಸಿನೀರಿನ ತೊಟ್ಟಿಗೆ ಅಟ್ಟುತ್ತಿದ್ದರು. ಕೊಟ್ಟ ಮಾತು ಹಾಳಾಗಿಹೋಗಲಿ ಎನ್ನಿಸಿತು.

‘ಸಾಹೇಬ್ರೇ,’ ಎಂದೆ. ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೇಳಿಸುವ ದನಿ ಅದು. ‘ಇವರು ನಮ್ಮ ಸೋದರತ್ತೆ. ನಮ್ಮಿಬ್ರನ್ನೂ ಸಾಕಿದವರು. ಆ ಕೈ ಗಲೀಜಾಗಿದ್ರೆ ನಿಮ್ಮ ಮುಂದೆ ಕೂತಿರೋ ಇವನು ಬದುಕಿ ಉಳೀತಿರ್ಲಿಲ್ಲ.’

‘ಸುಮ್ನಿರೇ,’ ಎಂದಳು ಅತ್ತೆ. ‘ಊಟದ ಹೊತ್ತಲ್ಲಿ ಜಗಳ ಬೇಡ.’ ಆದರೆ ಅವಳ ಕಣ್ಣು ಇದ್ದದ್ದು ತಮ್ಮನ ಮೇಲೆ.

ಸಾಹೇಬರು ಹುಬ್ಬೇರಿಸಿ ತಮ್ಮನನ್ನು ಕೇಳಿದರು, ‘ಹೌದೇನ್ರೀ? ನಿಮ್ಮ ಅತ್ತೆನಾ?’

ತಮ್ಮನ ಕಿವಿ ಕೆಂಪಾಯಿತು. ನನ್ನತ್ತ ನೋಡಲಿಲ್ಲ, ಅವಳತ್ತಲೂ ನೋಡಲಿಲ್ಲ.

‘ದೂರದ ಸಂಬಂಧ ಸಾರ್,’ ಎಂದ.

ಸಾಹೇಬರ ಹೆಂಡತಿ ನೀರಿನ ಲೋಟ ಕೆಳಗಿಟ್ಟರು. ಅತ್ತೆ ಏಪ್ರನ್ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಮೇಜಿನ ಹತ್ತಿರ ಬಂದು, ಎರಡೂ ಕೈ ಚಾಚಿ, ಉಣ್ಣುತ್ತಿದ್ದ ತಮ್ಮನ ಮುಂದಿನ ತಟ್ಟೆ ಎತ್ತಿಕೊಂಡಳು. ಹಗೆಯವನಾದರೂ ಸರಿ, ಉಣ್ಣುತ್ತಾ ಕೂತವನ ಮುಂದಿನ ತಟ್ಟೆಯನ್ನು ಯಾರೂ ಎಳೆಯುವುದಿಲ್ಲ. ಬಡಿಸುವುದರಲ್ಲೇ ಆಯುಸ್ಸು ಕಳೆದ ಆ ಹೆಂಗಸು ಎಳೆದಳು.

‘ಗಲೀಜು ಕೈ ಅಡುಗೆ ನಿಮಗ್ಯಾಕೆ ಸಾರ್,’ ಎಂದಳು ತಮ್ಮನಿಗೆ.

ಆ ತಟ್ಟೆಯನ್ನೂ ಏಪ್ರನ್ನನ್ನೂ ಮಾಲೀಕನ ಕೈಗೆ ಕೊಟ್ಟಳು.

‘ಅಕ್ಕಾ, ಒಲೆ ಮೇಲೆ ಪಾತ್ರೆ ಇದೆಯಲ್ಲ,’ ಎಂದ ಅವನು. ಅವನ ದನಿ ಬದಲಾಗಿತ್ತು. ಮುಂದಿನ ಮೇಜುಗಳಲ್ಲಿ ಜನ ಇನ್ನೂ ಕಾದು ಕೂತಿದ್ದರು.

‘ಉಪ್ಪು ನೋಡಿದ ಮೇಲೆ ಖಾರ ಹಾಕಿದೆ, ಅದನ್ನ ನೋಡಿಲ್ಲ. ನೀವೇ ನೋಡ್ಕೊಳ್ಳಿ, ಚಮಚ ಇದೆಯಲ್ಲ.’

ಚೀಲ ತರಲು ಅವಳು ಒಳಗೆ ಹೋದಳು. ನಾನು ಎದ್ದು ಬಾಗಿಲಲ್ಲಿ ಕಾದೆ. ಬಂದವಳು ನನ್ನ ತೋಳು ಹಿಡಿದುಕೊಂಡಳು.

‘ಅತ್ತೇ,’ ಎಂದು ಹಿಂದಿನಿಂದ ತಮ್ಮನ ದನಿ ಕೇಳಿಸಿತು. ಅವಳು ತಿರುಗಲಿಲ್ಲ, ನಾನು ತಿರುಗಿದೆ. ಅವನ ಬೆರಳುಗಳ ನಡುವೆ ಕರಿಯಲ್ಲಿ ಅದ್ದಿದ ನಾನ್ ತುಂಡು ಹಾಗೇ ಇತ್ತು. ಅದನ್ನು ತಿನ್ನಬಹುದೋ ಬಾರದೋ ತಿಳಿಯದೆ, ಇಡಲು ಮುಂದೆ ತಟ್ಟೆಯೂ ಇಲ್ಲದೆ, ಅವನು ಸಾಹೇಬರ ಮುಖ ನೋಡುತ್ತಿದ್ದ.