ಗುಂಡಿಯಿಲ್ಲದ ಕೋಟಿನವಳು

ಕಾರುಗಳಿಗೆ ಪಾಲಿಶ್ ಹಾಕುವುದು ಸೊಸೆಯ ಕಸುಬು. ಅವಳು ಯಾವ ಕಾರಿನ ಬಳಿಗೂ ನೇರವಾಗಿ ನಡೆದು ಹೋದದ್ದನ್ನು ಅತ್ತೆ ಕಂಡಿಲ್ಲ. ಮೊದಲು ಉಂಗುರ ಕಳಚಬೇಕು, ಗಡಿಯಾರ ಬಿಚ್ಚಬೇಕು, ಬೆನ್ನಿಗೆ ಲಾಡಿ ಕಟ್ಟುವ, ಒಂದೇ ಒಂದು ಗುಂಡಿಯಿಲ್ಲದ ಬೂದುಬಣ್ಣದ ಕೋಟು ತೊಡಬೇಕು. ಆಮೇಲೆ ಎರಡೂ ಕೈ ಹಿಂದಕ್ಕೆ ಕಟ್ಟಿ, ಸೊಂಟ ಬಗ್ಗಿಸಿ, ತೊಟ್ಟಿಲಲ್ಲಿ ಮಲಗಿದ ಕೂಸು ಉಸಿರಾಡುತ್ತಿದೆಯೇ ಎಂದು ನೋಡುವವಳಂತೆ ಬಾನೆಟ್ಟಿನ ಮೇಲೆ ಓರೆಗಣ್ಣು ಹಾಯಿಸುತ್ತ ಒಂದು ಸುತ್ತು ಬರಬೇಕು. ಪಕ್ಕದ ಗ್ಯಾರೇಜಿನಲ್ಲಿ ತಗಡು ಬಡಿಯುವವನು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದಾನೆ. "ಬಂತಪ್ಪೋ ಭೂತಗನ್ನಡಿ! ಮುಖದ ಸುಕ್ಕು ಮುಚ್ಕೊಳ್ರೋ, ಉಜ್ಜಿಬಿಟ್ಟಾಳು!" ಎಂದು ಅವನು ಕೂಗಿದರೆ, ಅವಳು ತಲೆಯೆತ್ತದೆ, "ನಿನ್ನ ಮುಖಕ್ಕೆ ಪಾಲಿಶ್ ಸಾಲದು ಕಣೋ, ಬಣ್ಣಾನೇ ಹೊಸದಾಗಿ ಹೊಡೀಬೇಕು" ಎನ್ನುತ್ತಾಳೆ.

ಲೋಕದಲ್ಲಿ ಸೊಸೆಯರು ಅತ್ತೆಗೆ ಅಂಜುವುದು ವಾಡಿಕೆ. ಈ ಮನೆಯಲ್ಲಿ ತಿರುಗುಮುರುಗು. ಕಾರಿನ ಬಣ್ಣದ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪಾರದರ್ಶಕ ಪದರವಿರುತ್ತದಂತೆ. ಗೀರು ಹೋಗಿಸಲು ಉಜ್ಜಿದಾಗಲೆಲ್ಲ ಅದು ಸವೆಯುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ನೆಲಕ್ಕೆ ಬಿದ್ದ ಒರೆಸುವ ಬಟ್ಟೆ, ಮರಳ ಕಣ ಅಂಟಿರಬಹುದೆಂದು, ಒಗೆದ ಮೇಲೂ ಕಾರಿನ ಮೈ ಮುಟ್ಟಕೂಡದೆಂಬುದು ಸೊಸೆಯ ಕಟ್ಟಳೆ. ಬಟ್ಟೆಗಳ ಉಸ್ತುವಾರಿ ಅತ್ತೆಯದು. ಕಣ್ಣು ಮಂಜಾದ ಮೇಲೆ ಅಡುಗೆಮನೆಯಲ್ಲೂ "ನೀವು ಕೂತ್ಕೊಳ್ಳಿ" ಎನ್ನಿಸಿಕೊಂಡಿದ್ದ ಜೀವಕ್ಕೆ, ಬೆರಳ ತುದಿಯನ್ನು ನಂಬಿ ಒಬ್ಬರು ವಹಿಸಿಕೊಟ್ಟ ಕೆಲಸ ಅದೊಂದೇ.

ಒಂದು ಮಧ್ಯಾಹ್ನ ಹಗ್ಗದಿಂದ ಒಂದು ಬಟ್ಟೆ ಜಾರಿ ಅಂಗಳಕ್ಕೆ ಬಿತ್ತು. ಅತ್ತೆ ಎತ್ತಿ, ಕೊಡವಿ, ಬೆರಳಾಡಿಸಿ ನೋಡಿದಳು, ಮರಳು ತಾಗಲಿಲ್ಲ. ಹೊಚ್ಚಹೊಸದನ್ನು ಬಿಸಾಡಲು ಮನಸ್ಸು ಬಾರದೆ, ಮಡಿಸಿ ಉಳಿದವುಗಳ ಜೊತೆ ಇಟ್ಟಳು.

ಮರುದಿನ ಪಶುವೈದ್ಯರ ಕಪ್ಪು ಕಾರು ಸಿದ್ಧವಾಗಿತ್ತು. ಅವರು ಬಂದವರೇ ಬಾನೆಟ್ಟಿನಲ್ಲಿ ಮುಖ ನೋಡಿ ಮೀಸೆ ತೀಡಿಕೊಂಡು, "ಕೊಂಡ ದಿನಾನೂ ಹೀಗಿರ್ಲಿಲ್ಲ!" ಎಂದರು. ಸೊಸೆ ದೀಪವನ್ನು ಓರೆಯಾಗಿ ಹಿಡಿದಳು. ಕಪ್ಪಿನಾಳದಲ್ಲಿ ಕೂದಲಿಗಿಂತ ಸಣ್ಣ ನಾಲ್ಕು ಗೆರೆ.

"ಇವು ನಿನ್ನೆ ಇರ್ಲಿಲ್ಲ ಸರ್, ನನ್ನ ಕೈಯಿಂದಾಗಿದ್ದು. ಹಿಂದೆ ಯಾರೋ ಈ ಜಾಗ ಉಜ್ಜಿ ಸವೆಸಿದ್ದಾರೆ. ನಾನೂ ಉಜ್ಜಿದ್ರೆ ಒಳಗಿನ ಬಣ್ಣ ಬಯಲಾಗುತ್ತೆ. ಅಳಿಸೋಕಾಗಲ್ಲ."

ವೈದ್ಯರು ಕನ್ನಡಕ ಏರಿಸಿದರು, ಇಳಿಸಿದರು. "ನೀವು ತೋರಿಸದೇ ಇದ್ದಿದ್ರೆ ಸಾಯೋತನಕ ನನ್ನ ಕಣ್ಣಿಗೆ ಬೀಳ್ತಿರ್ಲಿಲ್ವಲ್ಲಮ್ಮ!"

"ನನ್ನ ಕಣ್ಣಿಗೆ ಬಿದ್ದಿದೆಯಲ್ಲ ಸರ್."

ಬಾಗಿಲಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತೆಗೆ ನಿನ್ನೆ ಅಂಗಳಕ್ಕೆ ಬಿದ್ದ ಬಟ್ಟೆ ನೆನಪಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಹೇಳಿದರೆ ಉಳಿದಿದ್ದ ಒಂದು ಕೆಲಸವೂ ಕೈಬಿಡುತ್ತದೆ. ಕಾರು ಗೇಟು ದಾಟಿದ ಮೇಲೆ ಎದ್ದು ಬಂದಳು. "ನಿನ್ನ ಕೈಯಿಂದಲ್ಲ ಕಣೇ. ಬಿದ್ದ ಬಟ್ಟೇನ ನಾನೇ ಒಳಗೆ ಸೇರಿಸಿದ್ದೆ."

"ಯಾವುದು?"

"ಗೊತ್ತಾಗ್ತಿಲ್ವೇ. ಎಲ್ಲ ಒಂದೇ ಥರ ಇವೆ."

"ಹಾಗಾದ್ರೆ ಎಲ್ಲಾನೂ ತೆಗೀಬೇಕು."

ಅರವತ್ತು ಬಟ್ಟೆಗಳನ್ನೂ ಸೊಸೆ ತಾನೇ ಹೊತ್ತು, ಟೈರು ಒರೆಸುವ ಬುಟ್ಟಿಗೆ ಸುರಿದಳು. ಮುಖ ಗಂಟಿಕ್ಕಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ಬಳಿಕ ಹೊಸ ಕಟ್ಟೊಂದನ್ನು ಒಡೆದು ಅತ್ತೆಯ ಮಡಿಲಿಗೆ ಹಾಕಿದಳು. "ಇವುಗಳ ಅಂಚಿಗೆ ಹೊಲಿದಿರೋ ಚೀಟಿ ಬಿಡಿಸಿಕೊಡಿ ಅತ್ತೆ, ಅದೂ ಗೀರುತ್ತೆ. ನನ್ನ ಬೆರಳಿಗೆ ಅಷ್ಟು ತಾಳ್ಮೆ ಇಲ್ಲ."

ಇಂಥವರ ಜೊತೆ ಬಾಳುವುದು ಸುಲಭವಲ್ಲ. ಅವರ ಮುಂದೆ ತಪ್ಪೊಪ್ಪಿಕೊಳ್ಳುವುದು ಮಾತ್ರ, ಬಾಯಿ ತೆರೆದ ಮೇಲೆ, ಬಲು ಸುಲಭ. ತಪ್ಪು ಯಾರದೆಂದು ಹಿಡಿದು ಕೂರಲು ಅವರಿಗೆ ಪುರುಸೊತ್ತಿರುವುದಿಲ್ಲ. ಅದು ಎಲ್ಲಿಯತನಕ ಹರಡಿದೆ ಎಂದು ನೋಡಿ, ಅಷ್ಟನ್ನೂ ಎತ್ತಿ ಪಕ್ಕಕ್ಕಿಟ್ಟು, ತಪ್ಪಿದವರ ಕೈಗೇ ಮರಳಿ ಕೆಲಸ ಕೊಡುತ್ತಾರೆ.