ತುನಿಯವರೆಗೆ ಮಾತ್ರ

ಪಿಕಪ್ ಮತ್ತೆ ಎಡಕ್ಕೆ ಸರಿಯಿತು. ರೇಣುಕಾ ಸ್ಟೇರಿಂಗನ್ನು ಬಲಕ್ಕೆ ಎಳೆದಳು. ಗಾಡಿ ಒಂದು ಕ್ಷಣ ಯೋಚನೆ ಮಾಡಿ, ಆಮೇಲೆ ಕೇಳಿದ್ದಕ್ಕಿಂತ ಹೆಚ್ಚೇ ಬಲಕ್ಕೆ ವಾಲಿತು. ಹಿಂದಿನ ಬಸ್ಸು ಉದ್ದಕ್ಕೆ ಹಾರ್ನ್ ಹೊಡೆಯುತ್ತ ಅವರನ್ನು ದಾಟಿತು. ಬೈಯಲೆಂದು ಕಿಟಕಿಯಿಂದ ತಲೆ ಹೊರಹಾಕಿದ ಕಂಡಕ್ಟರ್, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತವಳನ್ನು ನೋಡಿ ಬೈಗುಳ ಮರೆತ.

"ಅಷ್ಟ್ ಬಿಗಿ ಹಿಡಿಬ್ಯಾಡ," ಎಂದ ಪಕ್ಕದಲ್ಲಿದ್ದ ಗಂಡ ಹನುಮಂತ. "ಅದು ಸ್ಟೇರಿಂಗ್, ಹಿಟ್ಟಲ್ಲ."

"ಹಿಟ್ಟಾಗಿದ್ರ ಇಷ್ಟೊತ್ತಿಗೆ ನನ್ನ ಮಾತು ಕೇಳಿರ್ತಿತ್ತು."

ಹಿಂದೆ ಹದಿನಾರು ಬಿದಿರಿನ ಬುಟ್ಟಿಗಳಲ್ಲಿ ಎರಡು ಸಾವಿರ ಖಡಕ್ ರೊಟ್ಟಿ ಇದ್ದವು. ವಿಶಾಖಪಟ್ಟಣದ ಪೆಂಡುರ್ತಿಯ ಮನೆಯ ತಾರಸಿಯ ಮೇಲೆ ವಾರವಿಡೀ ತಟ್ಟಿ, ಬೇಯಿಸಿ, ಒಣಗಿಸಿದ ಜೋಳದ ರೊಟ್ಟಿ. ನಾಳೆ ವಿಜಯವಾಡದಲ್ಲಿ ಬ್ಯಾಂಕ್ ಮ್ಯಾನೇಜರ್ ಶಂಕರಪ್ಪನವರ ಮಗಳು ಶ್ರೀರಕ್ಷಾಳ ಮದುವೆ. ಅವರೂ ಬಾಗಲಕೋಟೆ ಕಡೆಯವರೇ, ವರ್ಗವಾಗಿ ಬಂದು ಆರು ವರ್ಷವಾಗಿತ್ತು. ಫೋನಿನಲ್ಲಿ ಹೇಳಿದ್ದರು: "ಬೀಗರು ಇಲ್ಲಿಯವರು ತಂಗಿ. ಅನ್ನ, ಪಪ್ಪು, ಆವಕಾಯಿ ಅಂತ ನಮ್ಮನ್ನ ಮುಳುಗಿಸಿಬಿಡ್ತಾರ. ನಾವು ರೊಟ್ಟಿಯಾಗ ಗೆಲ್ಲಬೇಕು. ಒಂದೂ ಮುರೀಬಾರದು ನೋಡು."

ರೇಣುಕಾಳಿಗೆ ನಲವತ್ತಾರು. ಲೈಸೆನ್ಸಿಗೆ ಐದು ತಿಂಗಳು. ರೊಟ್ಟಿ ವ್ಯಾಪಾರಕ್ಕೆಂದು ಹಳೆಯ ಪಿಕಪ್ ಕೊಂಡಾಗ ಡ್ರೈವರನ್ನು ಇಡುವುದೆಂದೇ ಮಾತಾಗಿತ್ತು. ಆದರೆ ಒಮ್ಮೆ ಸುಮ್ಮನೆ ಆ ಸೀಟಿನ ಮೇಲೆ ಹತ್ತಿ ಕೂತವಳಿಗೆ ಮುಂದಿನ ಕಾರುಗಳ ನೆತ್ತಿಯಾಚೆಗೂ ರಸ್ತೆ ಕಂಡಿತ್ತು. ಇಪ್ಪತ್ತೆರಡು ವರ್ಷ ವಿಶಾಖಪಟ್ಟಣದಲ್ಲಿದ್ದೂ ಅಷ್ಟು ದೂರವನ್ನು ಅವಳು ಒಂದೇ ಸಲಕ್ಕೆ ನೋಡಿರಲಿಲ್ಲ. ಮರುದಿನವೇ ಡ್ರೈವಿಂಗ್ ಕಲಿಯಲು ಹೋದಳು.

ಯಲಮಂಚಿಲಿ ದಾಟಿದ ಮೇಲೆ, ಗಾಡಿ ಮೂರನೇ ಸಲ ಗೆರೆ ಬಿಟ್ಟಾಗ, ಹನುಮಂತ ಸಾಯಿತೇಜನಿಗೆ ಫೋನ್ ಮಾಡಿದ್ದ. ಹಿಂದಿನ ಮಾಲೀಕರ ಬಳಿ ಇದೇ ಪಿಕಪ್ಪನ್ನು ಹತ್ತು ವರ್ಷ ಓಡಿಸಿದವನು ಅವನು. ಬೇರೆಯವರು ಓಡಿಸುವ ಗಾಡಿಯಲ್ಲಿ ತಾನು ಕಣ್ಣು ಮುಚ್ಚುವುದಿಲ್ಲ ಎಂದು ಹೇಳಿಕೊಂಡು ತಿರುಗುವ ಮನುಷ್ಯ. ತುನಿ ಅವನ ಊರು.

"ತುನಿತನಕ ನೀ ನಡಸು. ಅಲ್ಲಿಂದ ಅವ ಹತ್ತತಾನ. ಮುಂದ ಅವನನ್ನs ಕಾಯಂ ಇಟ್ಟಗೊಳ್ಳೋಣು," ಎಂದು ಆಮೇಲೆ ಹೆಂಡತಿಗೆ ಹೇಳಿದ್ದ.

ತುನಿಯಲ್ಲಿ ಒಮ್ಮೆ ಇಳಿದರೆ ಮತ್ತೆ ಈ ಸೀಟಿಗೆ ತಾನಾಗಿ ಹತ್ತಲಾರೆ ಎಂದು ರೇಣುಕಾಳಿಗೆ ಗೊತ್ತಿತ್ತು. ತುನಿ ಇನ್ನು ಮೂವತ್ತು ಕಿಲೋಮೀಟರ್ ಇತ್ತು.

ನೇರ ರಸ್ತೆ ಬಂತು. ಯಾವ ಗಾಡಿಯೂ ಹತ್ತಿರವಿರಲಿಲ್ಲ. ರೇಣುಕಾ ವೇಗ ತಗ್ಗಿಸಿ, ಬೆರಳು ಸಡಿಲಿಸಿ, ಸ್ಟೇರಿಂಗನ್ನು ಬರೀ ಮುಟ್ಟಿಕೊಂಡು ಕೂತಳು. ಗಾಡಿಯ ಬೆನ್ನು ತಾನಾಗಿಯೇ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗಿತು. ಹೋದ ವಾರ ಸಿಂಹಾಚಲಂ ಗುಡ್ಡದ ತಿರುವುಗಳಲ್ಲೂ ಹೀಗೆ ಆಗಿರಲಿಲ್ಲ. ಅವಳು ಎಡಗಡೆಯ ಇಂಡಿಕೇಟರ್ ಹಾಕಿದಳು.

"ಯಾಕ?"

"ಗಾಳಿ ನೋಡಸ್ತೀನ್ರಿ."

"ಗಾಳಿ ಸರಿ ಐತಿ," ಎಂದ ಹನುಮಂತ, ತುಸು ಬೇಗನೇ. "ಮುಂಜಾನೆ ನಾನs ನೋಡೀನಿ."

"ನೀವ್ಯಾವಾಗಿಂದ ಗಾಳಿ ನೋಡಾಕ ಹತ್ತಿದ್ರಿ?"

ಹನುಮಂತ ಕಿಟಕಿಯಾಚೆ ಗೋಡಂಬಿ ಮಾರುವವರನ್ನು ಆಸಕ್ತಿಯಿಂದ ನೋಡತೊಡಗಿದ.

ನಕ್ಕಪಲ್ಲಿಯ ಹತ್ತಿರದ ಪಂಕ್ಚರ್ ಅಂಗಡಿ ಲಕ್ಷ್ಮೀಕಾಂತಮ್ಮನದು. ಅರವತ್ತರ ಹೆಂಗಸು, ಹಣೆಯಲ್ಲಿ ದೊಡ್ಡ ಕುಂಕುಮ, ಮೊಣಕೈವರೆಗೆ ಮಸಿ. ಅವಳು ಗಾಳಿ ಅಳೆಯುವ ಮೀಟರ್ ತರಲಿಲ್ಲ. ಮೊದಲು ಮುಂದಿನ ಟಯರಿನ ಪಕ್ಕೆಗೆ ಹಿಂಗೈ ಒತ್ತಿದಳು, ಮಗುವಿನ ಹಣೆ ಮುಟ್ಟುವಂತೆ.

"ಜ್ವರ ಬಂದಿದೆ," ಎಂದಳು ತೆಲುಗಿನಲ್ಲಿ. ಆಮೇಲೆ ಸೀಮೆಸುಣ್ಣದಿಂದ ಟಯರಿಗೆ ಅಡ್ಡಲಾಗಿ, ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ ಎಳೆದಳು. "ಆ ಬೇವಿನ ಮರದವರೆಗೆ ಹೋಗಿ ಬಾ ಅಮ್ಮಾ."

ರೇಣುಕಾ ಹೋಗಿ ಬಂದಳು. ಗೆರೆಯ ಎರಡು ತುದಿಗಳೂ ಅಳಿಸಿಹೋಗಿದ್ದವು. ನಡುವೆ ಮಾತ್ರ ನಾಲ್ಕು ಬೆರಳಗಲ ಬಿಳಿ ಹಾಗೆಯೇ ಉಳಿದಿತ್ತು.

"ನೋಡಿದೆಯಾ? ನಡುಭಾಗ ನೆಲಕ್ಕೆ ಒತ್ತುತ್ತಲೇ ಇಲ್ಲ. ಟಯರು ಕುಂಡೆ ಊರಿ ಕೂತಿದೆ. ನೀನು ಸ್ಟೇರಿಂಗ್ ತಿರುಗಿಸಿದರೆ ಒಳಗಿನ ಕಬ್ಬಿಣ ತಿರುಗುತ್ತದೆ, ರಬ್ಬರು ಮಡಚಿಕೊಂಡು ಹಿಂದಿನಿಂದ ನಿಧಾನಕ್ಕೆ ಬರುತ್ತದೆ."

"ಅಂದ್ರೆ ನನ್ನ ಕೈಯಲ್ಲವಾ?" ರೇಣುಕಾ ತನ್ನ ಮುರುಕು ತೆಲುಗಿನಲ್ಲಿ ಕೇಳಿದಳು.

"ನಿನ್ನ ಕೈ ಇಷ್ಟು ದೂರ ತಂದದ್ದೇ ದೊಡ್ಡದು." ಈಗ ಲಕ್ಷ್ಮೀಕಾಂತಮ್ಮ ಮೀಟರ್ ತಂದಳು. ಮುಂದೆ ಇಪ್ಪತ್ತೆರಡು. ಹಿಂದೆ ಇಪ್ಪತ್ತೆರಡು. ನಾಲ್ಕೂ ಗಾಲಿಯ ಸುತ್ತ ಬಂದು ನೆಟ್ಟಗೆ ನಿಂತಳು. "ಪಂಕ್ಚರಾದರೆ ನಾಲ್ಕೂ ಒಂದೇ ಸಮ ಇಳಿಯುವುದಿಲ್ಲ. ಇದು ಯಾರೋ ಓದಿದವರ ಕೆಲಸ."

ರೇಣುಕಾ ತಿರುಗಿ ಗಂಡನನ್ನು ನೋಡಿದಳು. ಉಕ್ಕಿನ ಕಾರ್ಖಾನೆಯಲ್ಲಿ ಹನುಮಂತನ ಕೆಲಸ ಯಂತ್ರಗಳು ಎಷ್ಟು ನಡುಗುತ್ತವೆ ಎಂದು ಅಳೆಯುವುದು. ಅವನು ಕನ್ನಡಕ ತೆಗೆದು ಅಂಗಿಯಿಂದ ಒರೆಸಿದ.

"ಹೋದ ತಿಂಗಳ ಮಧುರವಾಡಕ್ಕ ಒಯ್ದಾಗ ಅರ್ಧಕ್ಕರ್ಧ ರೊಟ್ಟಿ ಮುರದಿದ್ವಲ್ಲ," ಎಂದ. "ನೀ ಆ ಚೂರೆಲ್ಲ ಮುಂದಿಟ್ಟಗೊಂಡು ಕುಂತಿದ್ದಿ. ಗಾಳಿ ಕಡಿಮಿ ಆದ್ರ ಟಯರ್ ಗಾದಿಯಂಗ ಆಗತೈತಿ, ಏಟು ರೊಟ್ಟಿಗೆ ಹತ್ತೂದಿಲ್ಲ ಅಂತ… ಮುಂಜಾನೆ ನೀ ಸ್ನಾನಕ್ಕ ಹೋದಾಗ ಬಿಟ್ಟೆ."

"ಯಾತರಲೆ?"

"ಪೆನ್ನಿನ ತುದಿಲೆ."

"ಮತ್ತ ಆಗಿಂದ ನನ್ನ ಕೈಗೆ ಬೈದ್ರಿ."

"ಸ್ಟೇರಿಂಗಿನ ವಿಚಾರ ನನ್ನ ತಲಿಯಾಗ ಬರಲಿಲ್ಲ, ಖರೇ. ನಾ ಬರೇ ರೊಟ್ಟಿದು ವಿಚಾರ ಮಾಡಿದ್ದೆ."

ರೇಣುಕಾಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಬಾನೆಟ್ಟಿಗೆ ಕೈಯೂರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಹೋದ ತಿಂಗಳ ರೊಟ್ಟಿಯ ಕತೆಯನ್ನು ಲಕ್ಷ್ಮೀಕಾಂತಮ್ಮನಿಗೆ ತೆಲುಗಿನಲ್ಲಿ ಹೇಳಿದಳು. ಲಕ್ಷ್ಮೀಕಾಂತಮ್ಮ ಗಾಡಿಯ ಬಾಗಿಲು ತೆರೆದು, ಅದರ ಚೌಕಟ್ಟಿನ ಮೇಲೆ ಮಾಸಿಹೋಗಿದ್ದ ಕಂಪನಿಯ ಚೀಟಿಯನ್ನು ಬೆರಳಿನಿಂದ ಉಜ್ಜಿದಳು. ಖಾಲಿ ಗಾಡಿಗೆ ಗಾಳಿ ಇಷ್ಟು ಎಂದು ಒಂದು ಅಂಕಿ, ತುಂಬಿದ ಗಾಡಿಗೆ ಇನ್ನೊಂದು. "ಹೋದ ತಿಂಗಳು ಸಿಮೆಂಟಿಗೆ ಹಾಕುವಷ್ಟು ಗಾಳಿ ಇದ್ದಿರಬೇಕು, ರೊಟ್ಟಿಗಳು ಚೆಂಡಿನ ಹಾಗೆ ಕುಣಿದಿವೆ. ಇವತ್ತು ಗಾಳಿಯೇ ಇಲ್ಲ. ರೊಟ್ಟಿಯ ಭಾರವೆಷ್ಟು? ಹಿಂದೆ ನಲವತ್ತು ಸಾಕು. ಮುಂದೆ ಮೂವತ್ತೈದು, ಅದಕ್ಕೆ ಮಾತ್ರ ಯಾವತ್ತೂ ಕೈ ಹಚ್ಚಬೇಡಿ ಬಾಬು."

ಮನೆಗೆ ಮಿಕ್ಸರ್ ತಂದರೂ ಮೊದಲು ಅದರ ಪುಸ್ತಕ ಓದುವ ಹನುಮಂತ, ಬಗ್ಗಿ ಆ ಚೀಟಿಯನ್ನು ಎರಡು ಸಲ ಓದಿದ.

ಕಂಪ್ರೆಸರ್ ಗುಡುಗಿತು. ಗಾಡಿ ಒಂದೊಂದೇ ಮೂಲೆಯಿಂದ ಎದ್ದು ನಿಂತಿತು. ಹೊಸ ಗೆರೆ ಎಳೆಸಿಕೊಂಡು ರೇಣುಕಾ ಬೇವಿನ ಮರಕ್ಕೆ ಹೋಗಿ ಬಂದಳು. ಈ ಸಲ ಗೆರೆ ಉದ್ದಕ್ಕೂ ಒಂದೇ ಸಮನಾಗಿ ಮಾಸಿತ್ತು. ರೇಣುಕಾ ಕೊಟ್ಟ ರೊಟ್ಟಿಯನ್ನು ಲಕ್ಷ್ಮೀಕಾಂತಮ್ಮ ಕಟಕ್ಕನೆ ಕಡಿದು, "ಇದಕ್ಕಾ ಇಷ್ಟೆಲ್ಲ?" ಎಂದು, ಇನ್ನೊಂದಕ್ಕೆ ಕೈಚಾಚಿದಳು.

ಮತ್ತೆ ಹೊರಟಾಗ ರಸ್ತೆಯೇ ಬೇರೆ ಅನ್ನಿಸಿತು. ರೇಣುಕಾ ಎಷ್ಟು ಕೇಳಿದಳೋ ಅಷ್ಟೇ ತಿರುಗಿತು ಗಾಡಿ, ಕೇಳಿದ ಕೂಡಲೇ. ಒಂದು ಲಾರಿಯನ್ನು ದಾಟಿದಳು. ಬೇಕಿರಲಿಲ್ಲ, ಆದರೂ ಇನ್ನೊಂದನ್ನು ದಾಟಿದಳು.

"ಸಾಕು, ಮದುವಿ ನಾಳೆ ಐತಿ," ಎಂದ ಹನುಮಂತ.

ತುನಿಯಲ್ಲಿ ಸಾಯಿತೇಜ ಚೀಲ ಹಿಡಿದು ರಸ್ತೆಯ ಪಕ್ಕದಲ್ಲೇ ನಿಂತಿದ್ದ. ನೇರವಾಗಿ ಬಲಬದಿಗೆ ಬಂದು ಬಾಗಿಲು ತೆಗೆದ. "ಇಳಿಯಿರಿ ಮೇಡಂ."

ರೇಣುಕಾ ಗಂಡನ ಕಡೆ ನೋಡಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು. ಹನುಮಂತ ಎಡಬದಿಯ ಬಾಗಿಲು ತೆರೆದು, ತಾನು ನಡುವೆ ಸರಿದು ಮೊಣಕಾಲು ಮಡಚಿಕೊಂಡ.

"ಸಾಯಿ, ಈ ಕಡೆ ಹತ್ತು," ಎಂದ. "ಮದುವೆ ಊಟಕ್ಕೆ ಬಾ."

ಮೂವರು ಒತ್ತಿಕೊಂಡು ಕೂತರು. ಸಾಯಿತೇಜ ಒಂದು ಕೈಯಿಂದ ಕಿಟಕಿಯ ಮೇಲಿನ ಹಿಡಿ ಹಿಡಿದು, ಪ್ರತಿ ತಿರುವಿನಲ್ಲೂ ಬಲಗಾಲಿನಿಂದ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದ. ಅನ್ನವರಂ ಬರುವಷ್ಟರಲ್ಲಿ ನಾಲ್ಕೈದು ಸಲ ತುಳಿದ. ಗೋದಾವರಿ ಸೇತುವೆಯ ಮೇಲೆ ನೀರಿನ ಕಡೆಯಿಂದ ಜೋರು ಗಾಳಿ ಬೀಸಿದಾಗ ಒಮ್ಮೆ. ಆಮೇಲೆ ರೇಣುಕಾ ಗಮನಿಸಲಿಲ್ಲ. ಅವಳು ರಸ್ತೆ ನೋಡುತ್ತಿದ್ದಳು.

ವಿಜಯವಾಡದ ಕಲ್ಯಾಣ ಮಂಟಪದ ಮುಂದೆ ಗಾಡಿ ನಿಂತಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಶಂಕರಪ್ಪ ತಾವೇ ಒಂದು ಬುಟ್ಟಿಯ ಬಟ್ಟೆ ಸರಿಸಿ, ರೊಟ್ಟಿಯೊಂದನ್ನು ಬೆಳಕಿಗೆ ಹಿಡಿದು, ಅದರ ಸುತ್ತ ಬೆರಳಾಡಿಸಿದರು. ಎಲ್ಲೂ ಮುಕ್ಕಾಗಿರಲಿಲ್ಲ. "ಗೆದ್ವಿ ತಂಗಿ," ಎಂದು ಮೆಲ್ಲಗೆ ಹೇಳಿ, ಒಳಗೆ ಹೋಗಿ ಚಹಾದ ಲೋಟದೊಂದಿಗೆ ಬಂದರು. "ಇಷ್ಟು ಜ್ವಾಕಿಲೆ ತಂದಾನಲ್ಲ, ಡ್ರೈವರಗ ಮೊದಲ ಇದನ್ನ ಕೊಡ್ರಿ."

"ಕೊಡ್ರಿ ಇಲ್ಲೆ," ಎಂದು ರೇಣುಕಾ ಕೈ ಮುಂದೆ ಮಾಡಿದಳು.

ಚಹಾ ಕುಡಿಯುತ್ತ ಅವಳು ಮುಂದಿನ ಟಯರಿಗೆ ಹಿಂಗೈ ಮುಟ್ಟಿಸಿದಳು. ಬೆಚ್ಚಗಿತ್ತು, ಅಷ್ಟೇ. ಮೇಲೆ, ತೆರೆದ ಕಿಟಕಿಗೆ ತಲೆ ಆನಿಸಿ ಸಾಯಿತೇಜ ಬಾಯಿ ತೆರೆದು ಮಲಗಿದ್ದ. ಅವನ ಬಲಗಾಲು ಚಪ್ಪಲಿಯಿಂದ ಹೊರಬಂದು, ಪಕ್ಕಕ್ಕೆ ಹೊರಳಿ, ಏನನ್ನೂ ತುಳಿಯದೆ ಸುಮ್ಮನಿತ್ತು.