ಮೇನ್ ಸ್ವಿಚ್ಚಿನ ಕಾವಲು

ಹಿತ್ತಲ ಗ್ಯಾರೇಜಿನಲ್ಲಿ ಅಪ್ಪನ ಗರಗಸ ತಿರುಗಿದರೆ ಮನೆಯಲ್ಲಿ ದೀಪ ಆರುತ್ತಿತ್ತು. ಮರಗೆಲಸದ ಹುಚ್ಚು ಹತ್ತಿಸಿಕೊಂಡಿದ್ದ ಅಪ್ಪ, ಅಡುಗೆಮನೆಯ ಪ್ಲಗ್ಗಿನಿಂದ ಉದ್ದನೆಯ ವೈರೊಂದನ್ನು ಕಿಟಕಿ ದಾಟಿಸಿ ಅಲ್ಲಿಗೆ ಎಳೆದುಕೊಂಡಿದ್ದರು. ಗರಗಸದ ಜೊತೆ ಗೀಸರೋ ಇಸ್ತ್ರಿಪೆಟ್ಟಿಗೆಯೋ ಸೇರಿತೆಂದರೆ ಮುಗಿಯಿತು. ಮೇನ್ ಸ್ವಿಚ್ಚು ಕೆಳಗೆ ಬೀಳುತ್ತಿತ್ತು, ಗರಗಸದ ಕೂಗು ಕುಗ್ಗುತ್ತ ಕುಗ್ಗುತ್ತ ನಿಲ್ಲುತ್ತಿತ್ತು. ಎಂಟು ತಿಂಗಳಲ್ಲಿ ಅಲ್ಲಿ ಹುಟ್ಟಿದ್ದು ಮೂರು ಸ್ಟೂಲು. ಮೂರೂ ಕುಂಟು.

ಬಿದ್ದ ಸ್ವಿಚ್ಚನ್ನು ಎತ್ತುವ ಕೆಲಸ ಮಗಳದ್ದು. ಯಾರೂ ಒಪ್ಪಿಸಿದ್ದಲ್ಲ. ಹಜಾರದ ಮೂಲೆಯಲ್ಲಿ, ಬೋರ್ಡಿನ ಅಡಿಯಲ್ಲೇ ಅವಳ ಮೇಜು. ಡಿಗ್ರಿ ಮುಗಿಸಿ, ಕೆಲಸದ ಪರೀಕ್ಷೆಗೆ ಓದುತ್ತ ದಿನವಿಡೀ ಅಲ್ಲೇ ಕೂತಿರುತ್ತಿದ್ದಳು. ಮೊದಮೊದಲು ಅಮ್ಮ ಕೂಗಿ ಹೇಳಬೇಕಿತ್ತು. ಈಗೀಗ ಗರಗಸದ ಸದ್ದು ಕುಗ್ಗಿ ನಿಂತ ಕೂಡಲೇ ಅವಳ ಎಡಗೈ ತಾನಾಗಿ ಮೇಲೇಳುತ್ತಿತ್ತು. ಕಣ್ಣು ಪುಸ್ತಕದ ಸಾಲನ್ನೂ ಬಿಡುತ್ತಿರಲಿಲ್ಲ.

ಕೊನೆಗೆ ಅಮ್ಮನಿಗೇ ಸಾಕಾಗಿ ತಮ್ಮನಿಗೆ ಫೋನು ಮಾಡಿದರು. ಮಾವ ಎಲೆಕ್ಟ್ರಿಷಿಯನ್, ದೊಡ್ಡ ದೊಡ್ಡ ಕಟ್ಟಡಗಳಿಗೆ ವೈರಿಂಗ್ ಮಾಡಿ ಪಳಗಿದ ಕೈ. ಭಾನುವಾರ ಬೆಳಿಗ್ಗೆ ಬಂದವನೇ ಕಿಟಕಿಯ ವೈರು ನೋಡಿ, ಭಾವನ ಮುಖ ನೋಡಿ, ಈ ಮನೆ ಇನ್ನೂ ನಿಂತಿರುವುದೇ ಪುಣ್ಯ ಎಂದ. ಗ್ಯಾರೇಜಿಗೆ ಅದರದ್ದೇ ಒಂದು ಚಿಕ್ಕ ಬೋರ್ಡು, ಮನೆಯ ಬೋರ್ಡಿನಿಂದ ಅಲ್ಲಿಗೊಂದು ದಪ್ಪ ಕೇಬಲ್, ಆ ಕೇಬಲಿಗೆಂದೇ ಇಲ್ಲೊಂದು ಹೊಸ ಬ್ರೇಕರ್ ಸ್ವಿಚ್ಚು. ಮಧ್ಯಾಹ್ನದ ಊಟದೊಳಗೆ ಮುಗಿಸಿಬಿಡ್ತೀನಿ ಅಂತ ಅಕ್ಕನಿಗೆ ಮಾತು ಕೊಟ್ಟ.

ಮೇನ್ ಇಳಿಸಿ, ಕೇಬಲಿನ ಒಂದು ತುದಿಯನ್ನು ಹೊಸ ಬ್ರೇಕರಿಗೆ ಬಿಗಿದ. ಇನ್ನೊಂದು ತುದಿ ಗ್ಯಾರೇಜಿನಲ್ಲಿ ಬೋರ್ಡಿಗಾಗಿ ಕಾದಿತ್ತು. ಅತ್ತ ಹೊರಡುವ ಮುನ್ನ ಅಕ್ಕನ ಮಗಳ ಮೇಜಿನ ಬಳಿ ನಿಂತ.

"ನಿಮ್ಮಪ್ಪನ್ನ ನಂಬೋಕಾಗಲ್ಲ, ಕೈ ಸುಮ್ನಿರಲ್ಲ ಅವರದ್ದು. ನೀನು ಇಲ್ಲೇ ಕೂತ್ಕೋ ಪುಟ್ಟಿ. ನಾನು ಹೇಳೋವರೆಗೂ ಯಾರೂ ಈ ಸ್ವಿಚ್ ಮುಟ್ಟಬಾರದು."

ಅವಳು ತಲೆಯಾಡಿಸಿದಳು. ಇವಳ ಬಾಯಿಂದ ಒಂದು ಮಾತು ಎಳೆಯೋದಕ್ಕಿಂತ ಗೋಡೆಯೊಳಗಿಂದ ಹಳೇ ವೈರು ಎಳೆಯೋದು ಸುಲಭ ಎಂದು ಅಕ್ಕನಿಗೆ ಕೇಳುವಂತೆ ಹೇಳುತ್ತ ಮಾವ ಹಿತ್ತಲಿಗೆ ಇಳಿದ.

ಕಾವಲು ಚೆನ್ನಾಗಿಯೇ ನಡೆಯಿತು. ಟಾರ್ಚು ಹಿಡಿದು ಬೋರ್ಡು ಇಣುಕಲು ಬಂದ ಅಪ್ಪನನ್ನು ಅವಳು ಎರಡು ಸಲ ಬರಿಯ ಕಣ್ಣಿನಲ್ಲೇ ವಾಪಸು ಕಳಿಸಿದಳು. ಆಮೇಲೆ ಪುಸ್ತಕ ತೆರೆದಳು. ಗ್ಯಾರೇಜಿನಿಂದ ಮಾವನ ಬ್ಯಾಟರಿ ಡ್ರಿಲ್ಲು ಗೋಡೆ ಕೊರೆಯುವ ಸದ್ದು ಬರುತ್ತಿತ್ತು. ಅದು ಹೆಚ್ಚಿತು, ಕುಗ್ಗಿತು, ಕುಗ್ಗುತ್ತ ಕುಗ್ಗುತ್ತ ನಿಂತಿತು. ಅವಳು ಒಂದು ಪುಟ ಮುಗಿಸುವಷ್ಟು ಹೊತ್ತು ಮೌನ. ಮತ್ತೆ ಒಂದು ಸಲ ತಿರುಗಿ, ಮತ್ತೆ ಕುಗ್ಗಿ ನಿಂತಿತು.

ಎಡಗೈ ಮೇಲೆದ್ದಿತು. ಟಕ್.

ಫ್ಯಾನಿನ ರೆಕ್ಕೆ ಒಂದು ಸುತ್ತು ಹಾಕಿತ್ತೋ ಇಲ್ಲವೋ, ಹಿತ್ತಲಲ್ಲಿ ಢಮ್ಮೆಂದಿತು. ಸ್ವಿಚ್ಚು ತಾನೇ ಕೆಳಗೆ ಬಿತ್ತು.

ಅವಳು ತನ್ನ ಕೈಯನ್ನು ನೋಡಿದಳು. ಅದು ಇನ್ನೂ ಬೋರ್ಡಿನ ಬಳಿಯೇ ಇತ್ತು, ಬೇರೆ ಯಾರದೋ ಕೈಯ ಹಾಗೆ. ಮಾವನನ್ನು ಕೂಗಬೇಕೆಂದುಕೊಂಡಳು, ಕೂಗಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದು ಉರುಳುತ್ತಲೇ ಇತ್ತು. ಅಮ್ಮ ಓಡಿದ್ದು ಕಂಡಿತು. ಆಮೇಲೆ ಅವಳ ಕಾಲಿಗೆ ನೆಲ ಸಿಕ್ಕಿತು. ಹಿತ್ತಲ ಕಲ್ಲುಗಳ ಮೇಲೆ ಬರಿಗಾಲಲ್ಲಿ ಓಡುವಾಗ ತಲೆಯಲ್ಲಿ ಇದ್ದದ್ದು ಒಂದೇ: ಸೈಕಲ್ ಕಲಿಸುವಾಗ ಸೀಟಿನ ಹಿಂದೆ ಹಿಡಿದಿದ್ದ ಮಾವನ ಕೈ.

ಗ್ಯಾರೇಜಿನಲ್ಲಿ ಸುಟ್ಟ ವಾಸನೆ. ಗೋಡೆಯ ಮೇಲೆ ಅಂಗೈಯಗಲ ಮಸಿ. ಮಾವ ಮರದ ಹೊಟ್ಟಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಕಪ್ಪಾಗಿ ಅಂಟಿಕೊಂಡ ಕೇಬಲಿನ ತುದಿಯನ್ನೇ ನೋಡುತ್ತಿದ್ದ. ರೆಪ್ಪೆ ಬಡಿಯಿತು. ಬದುಕಿದ್ದ.

"ಸ್ಕ್ರೂ ಬಿತ್ತು," ಎಂದ, ಮೆಲ್ಲಗೆ. "ಎತ್ಕೊಳ್ಳೋಕೆ ಅಂತ ವೈರ್ ಬಿಟ್ಟು ಬಗ್ಗಿದೆ. ಇಲ್ದಿದ್ರೆ ಕೈಯಲ್ಲೇ ಇತ್ತು ಅದು."

ಅಮ್ಮ ತಿರುಗಿದ್ದು ನೇರ ಅಪ್ಪನ ಕಡೆಗೆ. ಸ್ಟೂಲಿನ ಕಾಲೊಂದನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದರು ಅಪ್ಪ.

"ನನ್ನ ತಮ್ಮ ಹೋಗ್ಬಿಡ್ತಿದ್ದನಲ್ರೀ. ಒಂದು ಹೊತ್ತು ಕೈ ಕಟ್ಕೊಂಡು ಕೂರೋಕಾಗಲ್ವಾ ನಿಮಗೆ?"

ಅಪ್ಪನ ಮುಖ ಬಿಳಿಚಿಕೊಂಡಿತ್ತು. "ನಾನು ಮುಟ್ಟಿಲ್ಲ ಅನ್ಸುತ್ತೆ ಕಣೆ," ಎಂದರು.

"ಅನ್ಸುತ್ತಾ?"

ಅಪ್ಪ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳತೊಡಗಿದರು, ಅದು ತಮಗೆ ಗೊತ್ತಿಲ್ಲದೆ ಒಳಗೆ ಹೋಗಿ ಬಂದಿರಬಹುದೇನೋ ಎಂಬಂತೆ. ಮಗಳು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವಳಿಗೆ ಹುಟ್ಟಿನಿಂದ ಬಂದದ್ದು, ಯಾರೂ ಅನುಮಾನಿಸುತ್ತಿರಲಿಲ್ಲ. ಅಪ್ಪನೇ ಸಂಜೆಯೊಳಗೆ ಒಪ್ಪಿಕೊಂಡುಬಿಡುತ್ತಿದ್ದರು.

"ನಾನು," ಎಂದಳು. ಯಾರಿಗೂ ಕೇಳಿಸಲಿಲ್ಲ. "ನಾನು ಹಾಕಿದ್ದು ಮಾವ. ಡ್ರಿಲ್ ನಿಂತ್ಹೋಯ್ತು. ಗರಗಸ ಅಂತ ಕೈ ತಾನೇ ಹೋಯ್ತು."

ಅಮ್ಮ ಅಪ್ಪನನ್ನು ಬಿಟ್ಟು ಅವಳ ಕಡೆಗೆ ತಿರುಗಿದರು. ಬೈಗುಳ ಬರುತ್ತದೆಂದು ಅವಳು ಕಾದಳು. ಮಾವ ಎದ್ದು ತನ್ನ ಚೀಲದ ತಳ ಕೆದಕಿ ಕೆಂಪು ಬೀಗವೊಂದನ್ನು ಹೊರತೆಗೆದ. ಇಳಿಸಿದ ಸ್ವಿಚ್ಚಿಗೆ ಹಾಕುವ ಬೀಗ. ಕೆಲಸದ ಜಾಗದಲ್ಲಿ ಅದನ್ನು ಹಾಕಿ, ಕೀಲಿಯನ್ನು ತನ್ನ ಜೇಬಿಗೆ ಇಳಿಸದೆ ವೈರು ಮುಟ್ಟಿದವನಲ್ಲವಂತೆ, ಮುಟ್ಟಿದ ಆಳುಗಳನ್ನು ಅವತ್ತೇ ಮನೆಗೆ ಕಳಿಸಿದವನಂತೆ.

"ಅಕ್ಕನ ಮನೆಗೆ ಎಂಥ ಬೀಗ ಅಂದ್ಕೊಂಡೆ," ಎಂದ. "ಹೊಸ ಬ್ರೇಕರ್ನೂ ಇಳಿಸದೆ ಬಂದೆ. ಬೀಗ ಮಾಡೋ ಕೆಲಸಕ್ಕೆ ನಿನ್ನ ಕೂರಿಸಿದೆ. ಅರ್ಧ ತಪ್ಪು ನಂದು, ತಗೋ."

ಹಜಾರಕ್ಕೆ ಬಂದು ಸ್ವಿಚ್ಚಿಗೆ ಬೀಗ ಸಿಕ್ಕಿಸಲು ಅವನು ಮೂರು ಸಲ ಪ್ರಯತ್ನಿಸಬೇಕಾಯಿತು.

ಊಟ ಯಾರಿಗೂ ಸೇರಲಿಲ್ಲ. ಸುಟ್ಟ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಬೋರ್ಡಿಗೆ ಬಿಗಿದು ಮುಚ್ಚಳ ಹಾಕುವ ಹೊತ್ತಿಗೆ ಸಂಜೆಯ ಬಿಸಿಲು ಇಳಿದಿತ್ತು. ಮಾವ ಬೀಗ ತೆಗೆದ. ಅಪ್ಪ ಮುಂದೆ ಬಂದಾಗ ಬೇಡ ಎಂದು, ಅವಳೇ ಹಾಕಲಿ ಎಂದು, ಕರೆಂಟು ಅಳೆಯುವ ಮೀಟರು ಹಿಡಿದು ಗ್ಯಾರೇಜಿಗೆ ಹೋದ.

ಅವಳು ಬೋರ್ಡಿನ ಮುಂದೆ ನಿಂತಳು. ಎಡಗೈಯನ್ನು ಬೆನ್ನ ಹಿಂದೆ ಮಡಚಿಕೊಂಡಿದ್ದಳು.

"ಮಾವಾ!"

ಪಕ್ಕದ ಮನೆಯ ಕಿಟಕಿ ತೆರೆಯಿತು. ಅಮ್ಮನೂ ಬೆಚ್ಚಿದರು.

"ಏನೇ?"

"ಕೈ ಎಲ್ಲಿದೆ?"

"ಜೇಬಲ್ಲಿ."

"ಎರಡೂ?"

ಗ್ಯಾರೇಜಿನಲ್ಲಿ ಮೀಟರು ಕೆಳಗಿಟ್ಟ ಸದ್ದಾಯಿತು. "ಎರಡೂನೂ ಕಣೆ ತಾಯಿ. ಹಾಕು."

ಆದರೂ ಅವಳು ಹಾಕಲಿಲ್ಲ. ಹಿತ್ತಲಿಗಿಳಿದು, ಗ್ಯಾರೇಜಿನ ಬಾಗಿಲಲ್ಲಿ ನಿಂತು, ಜೇಬಿನೊಳಗಿದ್ದ ಎರಡು ಕೈಗಳನ್ನು ಕಣ್ಣಾರೆ ನೋಡಿ, ವಾಪಸು ಬಂದು, ಬಲಗೈಯಿಂದ ಸ್ವಿಚ್ಚು ಎತ್ತಿದಳು.